ಕೆಂಪು ಚುಕ್ಕೆಗೆ ರಕ್ತ ಪರೀಕ್ಷೆ: ಶಿರಸಿಯ ಒಂದು ಲ್ಯಾಬ್ ಹೇಗಿದೆ?

ಕಾಲಿನ ಮೇಲೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳೆದ್ದು, ಗಾಜಿನ ಲೋಟ ಒತ್ತಿ ನೋಡಿದರೂ ಬಣ್ಣ ಮಾಸದಿದ್ದರೆ ಅದು ಬೆವರುಸಾಲೆಯಲ್ಲ, ಚರ್ಮದಡಿ ಒಸರಿದ ರಕ್ತ. ಮುಲಾಮು ಹಚ್ಚುತ್ತ ದಿನ ತಳ್ಳಬಾರದು. ಅಂದೇ ವೈದ್ಯರಿಗೆ ತೋರಿಸಿ, ರಕ್ತ ಸೋರದಂತೆ ತಡೆಯುವ ಪ್ಲೇಟ್‌ಲೆಟ್ ಕಣಗಳು ಇಳಿದಿವೆಯೇ ಎಂದು ರಕ್ತ ಪರೀಕ್ಷೆ ಆಗಬೇಕು. ಈ ಪರೀಕ್ಷೆಯಲ್ಲಿ ಶಿರಸಿ ಪೇಟೆಯ ಲ್ಯಾಬೊಂದರ ಕೆಲಸ ಬಹುಪಾಲು ಮೆಚ್ಚುವಂತಿದೆ.

ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿಗೆ ಗೆರೆಯವರೆಗೆ ರಕ್ತ ತುಂಬಿ, ಎಂಟು-ಹತ್ತು ಸಲ ನಿಧಾನವಾಗಿ ಮೇಲೆಕೆಳಗೆ ಮಾಡುತ್ತಾರೆ, ಕುಲುಕುವುದಿಲ್ಲ. ಸರಿಯಾಗಿ ಬೆರೆಯದಿದ್ದರೆ ರಕ್ತ ಸಣ್ಣಗೆ ಹೆಪ್ಪುಗಟ್ಟಿ ಪ್ಲೇಟ್‌ಲೆಟ್‌ಗಳು ಅದರಲ್ಲೇ ಸಿಕ್ಕಿಕೊಳ್ಳುತ್ತವೆ, ಯಂತ್ರ ಕಡಿಮೆ ಎಣಿಸುತ್ತದೆ. ಕೆಲವರ ರಕ್ತದಲ್ಲಂತೂ ಇಡಿಟಿಎ ತಾಗಿದ್ದಕ್ಕೇ ಪ್ಲೇಟ್‌ಲೆಟ್ ಗುಂಪುಗಟ್ಟುತ್ತದೆ. ಇಲ್ಲಿ ಎಣಿಕೆ ಒಂದು ಲಕ್ಷಕ್ಕಿಂತ ಇಳಿದರೆ ಗಾಜಿನ ಸ್ಲೈಡ್ ಮೇಲೆ ಸ್ಮಿಯರ್, ಅಂದರೆ ರಕ್ತದ ತೆಳು ಲೇಪ ಎಳೆದು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡುತ್ತಾರೆ. ಗುಂಪು ಕಂಡರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು, ಅದರೊಳಗಿನ ದ್ರವದಿಂದ ರಕ್ತ ತೆಳುವಾಗುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿ ವರದಿ ಬರೆಯುತ್ತಾರೆ. ಇಲ್ಲದ ಕಾಯಿಲೆಗೆ ಹುಬ್ಬಳ್ಳಿಗೆ ಓಡುವುದು ಇದೊಂದರಿಂದ ತಪ್ಪುತ್ತದೆ. 20,000ಕ್ಕಿಂತ ಕೆಳಗಿದ್ದರೆ ಕಾಯಿಸದೆ ಫೋನ್ ಬರುತ್ತದೆ.

ಎಡವುವುದು ಮನೆಗೇ ಬಂದು ರಕ್ತ ತೆಗೆಯುವ ಸೇವೆಯಲ್ಲಿ. ಸಿದ್ದಾಪುರ ಕಡೆಯ ಹಳ್ಳಿಯಲ್ಲಿ ಬೆಳಿಗ್ಗೆ ತೆಗೆದ ಟ್ಯೂಬು ಊರೂರು ಸುತ್ತಿ ಲ್ಯಾಬ್ ಸೇರುವಾಗ ಸಂಜೆ. ಅಷ್ಟರಲ್ಲಿ ಬಿಳಿ ಕಣಗಳ ಆಕಾರ ಕೆಡುತ್ತದೆ. ರಕ್ತದ ಕ್ಯಾನ್ಸರಿನ ಎಳೆಯ ಕಣ ಇದೆಯೇ ಎಂದು ಗುರುತಿಸುವುದು ಕಷ್ಟವಾಗುತ್ತದೆ. ಮನೆಯಲ್ಲೇ ಸ್ಮಿಯರ್ ಎಳೆದು ಒಣಗಿಸಿ ತಂದರೆ ಸಾಕಿತ್ತು. ಆ ವ್ಯವಸ್ಥೆ ಬರುವತನಕ ಚುಕ್ಕೆ ಇರುವವರು ಲ್ಯಾಬಿಗೇ ಹೋಗುವುದು ಲೇಸು.

ದರಕು (ಒಣ ಎಲೆ) ತರಲು ಬೆಟ್ಟಕ್ಕೆ ಹೋಗಿ ಉಣುಗು ಕಚ್ಚಿ ಜ್ವರ ಬಂದಿದ್ದರೆ ಚೀಟಿಯಲ್ಲಿ ಬರೆಸಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯಲ್ಲೂ ಪ್ಲೇಟ್‌ಲೆಟ್, ಬಿಳಿ ಕಣ ಎರಡೂ ಇಳಿಯುತ್ತವೆ. ಅದರ ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆ ಬೇರೆ, ಸರ್ಕಾರಿ ಆಸ್ಪತ್ರೆಯ ಮೂಲಕ ಆಗಬೇಕು. ಹಂಡೆ ನೀರಿನ ಸ್ನಾನದ ಬಳಿಕ ಗುಳ್ಳೆಯೇ ಇಲ್ಲದೆ ಮೈ ತುರಿಸುವವರು ಹಿಮೋಗ್ಲೋಬಿನ್ ಸಾಲು ನೋಡಿ: ಗಂಡಸರಿಗೆ 16.5, ಹೆಂಗಸರಿಗೆ 16 ದಾಟಿದ್ದರೆ ಪಾಲಿಸೈಥೀಮಿಯಾ (ಕೆಂಪು ಕಣ ಅತಿಯಾಗುವ ಕಾಯಿಲೆ) ಶಂಕೆ, ಜಾಕ್2 ಎಂಬ ಜೀನ್ ಪರೀಕ್ಷೆ ಬೇಕಾದೀತು. ಚುಕ್ಕೆ ಕೈಗೆ ಉಬ್ಬಾಗಿ ತಾಗಿ, ಪ್ಲೇಟ್‌ಲೆಟ್ ಸರಿಯಿದ್ದರೆ ರಕ್ತನಾಳದ ಉರಿಯೂತವಿರಬಹುದು. ಮೂತ್ರ ಪರೀಕ್ಷೆಯನ್ನೂ ಕೇಳಿ.

ವರದಿ ಕೈಗೆ ಬರುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ. ಮೂಗು, ವಸಡಿನಿಂದ ರಕ್ತ ಬಂದರೆ ವರದಿಗೂ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.