ಅಡ್ಡಗಾಳಿಗೆ ಸೆಸ್ನಾ ಇಳಿಸಲು ಈ ಜಾಯ್‌ಸ್ಟಿಕ್ ಸಾಕಾ?

ಮೊದಲೇ ಹೇಳಿಬಿಡುತ್ತೇನೆ, ಹಿಡಿಕೆ ತಿರುಗದ ಜಾಯ್‌ಸ್ಟಿಕ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ವಿಮಾನದ ಮೂತಿಯನ್ನು ಎಡ-ಬಲಕ್ಕೆ ತಿರುಗಿಸುವ ಬಾಲದ ಹಲಗೆ, ಅಂದರೆ ರಡ್ಡರ್, ಆಡುವುದು ಆ ತಿರುವಿನಿಂದಲೇ. ಕೀಬೋರ್ಡಿನಲ್ಲಿ ಆ ಹದ ಸಿಗುವುದಿಲ್ಲ.

ಹಿಡಿಕೆ ತಿರುಗುವ ಈ ಜಾಯ್‌ಸ್ಟಿಕ್ಕನ್ನು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಅನ್ನೋ ವಿಮಾನದ ಆಟಕ್ಕೆ ಅಂತಲೇ ತಗೊಂಡೆ. ವಿಮಾನ ಸೆಸ್ನಾ 172, ನಾಲ್ಕು ಸೀಟಿನದು. ನಮ್ಮ ಕಾರವಾರದಲ್ಲಿ ಏರ್‌ಪೋರ್ಟ್ ಇಲ್ಲವಲ್ಲ, ಹಾಗಾಗಿ ಗೋವಾದ ದಾಬೋಲಿಮ್. ಅಲ್ಲಿ ರನ್‌ವೇ ಪೂರ್ವ-ಪಶ್ಚಿಮ. ಕಡಲಗಾಳಿ ಹೆಚ್ಚುಕಡಿಮೆ ಎದುರಿಗೇ ಸಿಗುತ್ತೆ, ಇಳಿಸುವುದು ಸುಲಭ. ಮಜಾ ಬೇಕಾದರೆ ಸೆಟ್ಟಿಂಗಿನಲ್ಲಿ ಗಾಳಿ ಉತ್ತರದಿಂದ ಬೀಸುವಂತೆ ಮಾಡಿ 12 ನಾಟ್ (ಗಂಟೆಗೆ ಸುಮಾರು 22 ಕಿ.ಮೀ.) ಇಡಿ. ಈ ವಿಮಾನದ ಕೈಪಿಡಿಯಲ್ಲಿ ಅಡ್ಡಗಾಳಿಗೆ ಇಳಿಸಿ ತೋರಿಸಿರುವುದೇ 15 ನಾಟ್‌ವರೆಗೆ.

ಬೈತಖೋಲ ಬಂದರಿನಲ್ಲಿ ತಾಂಡೇಲರಾಗಿರುವ, ಅಂದರೆ ಮೀನಿನ ಬೋಟು ನಡೆಸುವ ನಮ್ಮ ಭಾವನನ್ನು ಕೂರಿಸಿದೆ. "ಮೂತಿ ಗಾಳಿಗೆ ಕೊಡೋದು, ಅಷ್ಟೇ ಅಲ್ವಾ? ಕಾಳಿ ಅಳಿವೆಗೆ ಬೋಟು ತರೋ ಹಾಗೆ" ಅಂದರು. ಮೂತಿ ಓರೆ ಇಟ್ಟು ರನ್‌ವೇ ಸಾಲಿಗೇ ತಂದರು ಕೂಡ, ನಾನು ಸುಮ್ನೆ ನೋಡುತ್ತಾ ಕೂತೆ. ಆದರೆ ಬೋಟಿಗೆ ಚಕ್ರ ಇಲ್ಲ. ಚಕ್ರ ಮುಟ್ಟುವ ಮುಂಚೆ ಹಿಡಿಕೆ ತಿರುಗಿಸಿ ಮೂತಿ ನೇರ ಮಾಡಬೇಕು, ಗಾಳಿ ಬರುವ ಕಡೆಯ ರೆಕ್ಕೆ ತುಸು ತಗ್ಗಿಸಬೇಕು. ಓರೆಯಲ್ಲೇ ಇಳಿಸಿದರೆ ಚಕ್ರ ಅಡ್ಡಕ್ಕೆ ಎಳೆಯುತ್ತೆ. ಭಾವನ ಸೆಸ್ನಾ ಸೀದಾ ಹುಲ್ಲಿಗೆ ಹೋಯಿತು.

ಗಾಳಿ ಅಡ್ಡ ಬರುವುದಕ್ಕಿಂತ ತಟ್ಟನೆ ನಿಂತುಬಿಡುವುದು ಇನ್ನೂ ಕೆಟ್ಟದ್ದು. 65 ನಾಟ್‌ನಲ್ಲಿ ಇಳಿಯುವಾಗ ಎದುರುಗಾಳಿ 15 ನಾಟ್ ಬಿದ್ದರೆ, ರೆಕ್ಕೆಗೆ ಸಿಗುವ ಗಾಳಿಯ ವೇಗ ಬರೀ 50. ವಿಮಾನ ಕುಸಿಯುತ್ತೆ. ಅದಕ್ಕೇ ಪೈಲಟ್‌ಗಳು ಗಾಳಿಯ ಏರಿಳಿತದಲ್ಲಿ ಅರ್ಧವನ್ನು ವೇಗಕ್ಕೆ ಸೇರಿಸಿಕೊಳ್ಳುತ್ತಾರೆ. 12ರಿಂದ 20ಕ್ಕೆ ಏರುವ ಗಾಳಿಗೆ 4 ನಾಟ್ ಜಾಸ್ತಿ. ಅಷ್ಟಾದರೂ ಹದ ತಪ್ಪಿದರೆ ಪೂರ್ತಿ ಥ್ರಾಟಲ್ (ಇಂಜಿನ್ನಿನ ಜೋರು) ಕೊಟ್ಟು ಮತ್ತೆ ಮೇಲೇಳಬೇಕು. ಈ ಜಾಯ್‌ಸ್ಟಿಕ್ ಕೈಕೊಡುವುದು ಅಲ್ಲೇ. ಥ್ರಾಟಲ್ ಸನ್ನೆ ಚಿಕ್ಕದು, ಬಿಗಿ. ಜೋರಾಗಿ ನೂಕಿದರೆ ಸ್ಟ್ಯಾಂಡೇ ಟೇಬಲ್ ಮೇಲೆ ಜಾರುತ್ತೆ. ಅಡಿಗೆ ರಬ್ಬರ್ ಶೀಟ್ ಅಂಟಿಸಿದ ಮೇಲೆ ಪರವಾಗಿಲ್ಲ.

ಇನ್ನೊಂದು ತಕರಾರು ಇದೆ. ಮಳೆಗಾಲ ಮುಗಿಯುವಷ್ಟರಲ್ಲಿ ಹಿಡಿಕೆಯ ತಿರುವು ನಡುಗತೊಡಗಿತು, ಕೈ ಬಿಟ್ಟರೂ ಮೂತಿ ಅತ್ತಿತ್ತ. ನಮ್ಮ ಉಪ್ಪುಗಾಳಿಯ ಕೆಲಸ ಅಂತ ನನ್ನ ಗುಮಾನಿ. ಡೆಡ್‌ಝೋನ್ (ನಡುವಿನಲ್ಲಿ ಹಿಡಿಕೆ ತುಸು ಅಲುಗಿದರೂ ಆಟ ಲೆಕ್ಕಕ್ಕೆ ತಗೊಳ್ಳದ ಜಾಗ) ಹೆಚ್ಚಿಸಿದರೆ ನಡುಕ ನಿಲ್ಲುತ್ತೆ, ಸಣ್ಣ ತಿದ್ದುಪಡಿಯೂ ಹೋಗುತ್ತೆ. ಕಡಲ ಹತ್ತಿರದವರು ಆಟ ಮುಗಿದ ಮೇಲೆ ಮುಚ್ಚಿಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೈಯಲ್ಲಿ ದುಡ್ಡಿದ್ದರೆ ರಡ್ಡರ್ ಆಡಿಸಲು ಕಾಲಿನ ಪೆಡಲ್ ತಗೊಳ್ಳಿ.