ಬಡಾವಣೆಯ ಕಳ್ಳತನಕ್ಕೊಂದು ನಕ್ಷೆ: ಕ್ಯೂಜಿಐಎಸ್ ಬಳಸಿ ನೋಡಿದೆ

ಹಾಸನದ ಸಾಲಗಾಮೆ ರಸ್ತೆ ಕಡೆ ನಮ್ಮ ಮನೆ. ಬೈಕ್ ಕಳವು, ಸರಗಳ್ಳತನ ಜಾಸ್ತಿಯಾದಾಗ ಬಡಾವಣೆಯವರು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದನ್ನೇ ಕ್ಯೂಜಿಐಎಸ್‌ಗೆ ಹಾಕಿದೆ. 2002ರಲ್ಲಿ ಶುರುವಾದ, ನಕ್ಷೆ ಮಾಡುವ ಈ ಸಾಫ್ಟ್‌ವೇರ್ ಪೂರ್ತಿ ಉಚಿತ.

ತಾರೀಖು, ಹೊತ್ತು, ಕಳವಿನ ಬಗೆ, ಅಕ್ಷಾಂಶ, ರೇಖಾಂಶ ಇರುವ ಒಂದು ಸಿಎಸ್‌ವಿ ಫೈಲ್, ಅಂದರೆ ಸಾದಾ ಪಟ್ಟಿಯ ಫೈಲ್, ಸಾಕು. ಹಿನ್ನೆಲೆಗೆ ಜನರೇ ಸೇರಿ ಮಾಡಿದ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಸಿಗುತ್ತದೆ. ಎರಡು ಬಗೆಯ ಕಳವಿಗೆ ಎರಡು ಬೇರೆ ಪದರ ಮಾಡಿ, ಕಳವು ಹೆಚ್ಚಾದ ಕಡೆ ಕೆಂಪಾಗಿ ತೋರಿಸುವ ಹೀಟ್‌ಮ್ಯಾಪ್ ಹಾಕಿದೆ. ಬೈಕ್ ಕಳವು ಪಾರ್ಕಿನ ಹಿಂದೆ, ಬೀದಿದೀಪ ಇಲ್ಲದ ತಿರುವಿನಲ್ಲಿ ಗುಂಪಾಗಿತ್ತು. ಸರಗಳ್ಳತನ ಮಾತ್ರ ಮುಖ್ಯರಸ್ತೆಗೆ ಸೇರುವ ಅಡ್ಡರಸ್ತೆಗಳಲ್ಲಿ, ಅದೂ ಬೆಳಗಿನ ವಾಕಿಂಗ್ ಹೊತ್ತಿಗೆ. ಬೈಕಿನಲ್ಲಿ ಬಂದವರು ಪರಾರಿಯಾಗಲು ಸುಲಭ, ಅಲ್ವಾ? ಪುಸ್ತಕ ಎಷ್ಟು ತಿರುವಿದರೂ ಇದು ಕಣ್ಣಿಗೆ ಬೀಳುತ್ತಿರಲಿಲ್ಲ.

ಒಂದು ಕಡೆ ಹುಷಾರಾಗಿರಬೇಕು. ಹೀಟ್‌ಮ್ಯಾಪಿನ ತ್ರಿಜ್ಯ (ಒಂದೊಂದು ಕಳವಿನ ಸುತ್ತ ಬಣ್ಣ ಹರಡುವ ದೂರ) ದೊಡ್ಡದಾದರೆ ಇಡೀ ಬಡಾವಣೆಯೇ ಕೆಂಪಾಗುತ್ತದೆ, ಜನ ಸುಮ್ನೆ ಹೆದರುತ್ತಾರೆ. ಮೊದಲು ನಕ್ಷೆಯನ್ನು ಯುಟಿಎಂ (ಜಾಗವನ್ನು ಮೀಟರಿನಲ್ಲಿ ಅಳೆಯುವ ನಕ್ಷೆ ಪದ್ಧತಿ) 43 ಉತ್ತರ ವಲಯಕ್ಕೆ ಬದಲಿಸಿ. ಹಾಸನ ಬರುವುದು ಅದರಲ್ಲೇ. ಆಗ ತ್ರಿಜ್ಯವನ್ನು ಮೀಟರಿನಲ್ಲಿ ಕೊಡಬಹುದು. ನಮ್ಮ ಚಿಕ್ಕ ಬೀದಿಗಳಿಗೆ 100 ಮೀಟರ್ ಸರಿಹೋಯಿತು.

ಮೆನುಗಳು ಹೊಸಬರಿಗೆ ಕಷ್ಟ. ಕಲಿಸುವವರೊಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು. ಇನ್ನು, ಯಾರೂ ಹೇಳದ ಕಳವು ನಕ್ಷೆಯಲ್ಲಿ ಬರುವುದಿಲ್ಲ. ಖಾಲಿ ಕಂಡ ಬೀದಿಯಲ್ಲಿ ಕಳ್ಳತನವೇ ಇಲ್ಲ ಅಂದುಕೊಳ್ಳಬೇಡಿ, ಅಲ್ಲಿನವರನ್ನು ಕೇಳಿ. ನಕ್ಷೆ ಹಂಚುವಾಗ ಮನೆ ಗುರುತು ಸಿಗದಂತೆ ಚುಕ್ಕೆಗಳನ್ನು ತೆಗೆದು, ಬಣ್ಣದ ಪದರ ಮಾತ್ರ ಕೊಡಿ.