ಪಿಐ ಹುಡುಕಲು ನಾಲ್ಕು ದಾರಿ: ಒಂದೇ ಲೆಕ್ಕ ಮಾಡಿ ನೋಡಿದ ಹೋಲಿಕೆ

ಡಿಫರೆನ್ಷಿಯಲ್ ಈಕ್ವೇಷನ್ ಕೋರ್ಸಿನಲ್ಲಿ ಸಿಎಫ್ (ಕಾಂಪ್ಲಿಮೆಂಟರಿ ಫಂಕ್ಷನ್, ಅಂದರೆ ಬಲಬದಿ ಸೊನ್ನೆ ಎಂದು ಹಿಡಿದಾಗಿನ ಪರಿಹಾರ) ಬರೆಯುವ ತನಕ ಹೆಚ್ಚಿನವರಿಗೆ ತೊಂದರೆಯಿಲ್ಲ. ಆಕ್ಸಿಲಿಯರಿ ಈಕ್ವೇಷನ್ ಬಿಡಿಸಿ, ಅದರ ಮೂಲಗಳನ್ನು ಇಯ ಘಾತದಲ್ಲಿಟ್ಟರೆ ಮುಗಿಯಿತು. ಅಂಕ ಸೋರುವುದು ಪಿಐಯಲ್ಲಿ (ಪರ್ಟಿಕ್ಯುಲರ್ ಇಂಟಿಗ್ರಲ್), ಅಂದರೆ ಬಲಬದಿಯ ಫಂಕ್ಷನ್‌ಗೆ ಹೊಂದುವ ವಿಶೇಷ ಪರಿಹಾರದಲ್ಲಿ. ಅದಕ್ಕೆ ನಾಲ್ಕು ದಾರಿಗಳಿವೆ: ಅನಿರ್ಧಾರಿತ ಗುಣಾಂಕಗಳ ವಿಧಾನ, ಡಿ ಆಪರೇಟರ್, ವೇರಿಯೇಷನ್ ಆಫ್ ಪ್ಯಾರಾಮೀಟರ್ಸ್, ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೈಗೆ ಹತ್ತುವುದು ಡಿ ಆಪರೇಟರ್. ಅಮೆರಿಕದ ವಿಶ್ವವಿದ್ಯಾಲಯಗಳ ವಿಡಿಯೊ ಪಾಠ ಹಾಕಿಕೊಂಡರೆ ಅಲ್ಲಿ ಹೆಚ್ಚಾಗಿ ಕಾಣುವುದು ಅನಿರ್ಧಾರಿತ ಗುಣಾಂಕ. ಎರಡನ್ನೂ ನೋಡಿದ ವಿದ್ಯಾರ್ಥಿಗೆ ಯಾವುದನ್ನು ಹಿಡಿಯಬೇಕೆಂಬ ಗೊಂದಲ ಸಹಜ. ಹಾಗಾಗಿ ನಾಲ್ಕನ್ನೂ ಒಂದೇ ಲೆಕ್ಕದ ಮೇಲೆ ಹಚ್ಚಿ ನೋಡೋಣ:

ವೈ″ + 3ವೈ′ + 2ವೈ = ಇ^(−ಟಿ), ವೈ(0) = 0, ವೈ′(0) = 0

ಈ ಲೆಕ್ಕವನ್ನು ಬೇಕೆಂದೇ ಆರಿಸಿದ್ದು. ಮೂಲಗಳು −1 ಮತ್ತು −2. ಬಲಬದಿಯ ಇ^(−ಟಿ) ಆಗಲೇ ಸಿಎಫ್‌ನಲ್ಲಿ ಕುಳಿತಿದೆ. ಸುಲಭದ ಲೆಕ್ಕದಲ್ಲಿ ಎಲ್ಲ ವಿಧಾನವೂ ಚೆನ್ನಾಗಿಯೇ ಕಾಣುತ್ತದೆ. ಇಂಥ ಕಡೆ ಮಾತ್ರ ಅವುಗಳ ಗುಣ ಗೊತ್ತಾಗುತ್ತದೆ.

ಅನಿರ್ಧಾರಿತ ಗುಣಾಂಕದಲ್ಲಿ ಮೊದಲು ಕೈ ಹೋಗುವುದು ಎ·ಇ^(−ಟಿ) ಕಡೆಗೆ. ಅದನ್ನು ಎಡಬದಿಗೆ ಹಾಕಿದರೆ ಎ(1 − 3 + 2) = 0, ಅಂದರೆ 0 = 1. ಇಲ್ಲಿ ಸಿಕ್ಕಿಬಿದ್ದವರು ಲೆಕ್ಕವೇ ತಪ್ಪೆಂದು ಹೊಡೆದುಹಾಕುತ್ತಾರೆ. ಊಹೆಯನ್ನು ಟಿಯಿಂದ ಗುಣಿಸಿ ಎ·ಟಿ·ಇ^(−ಟಿ) ಎಂದು ಹಿಡಿದರೆ ವೈ′ = ಎ(1 − ಟಿ)ಇ^(−ಟಿ), ವೈ″ = ಎ(ಟಿ − 2)ಇ^(−ಟಿ). ಕೂಡಿಸಿದಾಗ ಟಿ ಇರುವ ಪದಗಳೆಲ್ಲ ಹೊಡೆದುಹೋಗಿ ಎ = 1 ಉಳಿಯುತ್ತದೆ. ಬಲಬದಿಯಲ್ಲಿ ಇ^(−ಟಿ) + ಟಿ ಎಂದು ಎರಡು ಪದಗಳಿದ್ದರೆ, ಸಿಎಫ್‌ಗೆ ಡಿಕ್ಕಿ ಹೊಡೆಯುವ ಗುಂಪನ್ನು ಮಾತ್ರ ಟಿಯಿಂದ ಗುಣಿಸಬೇಕು. ಇನ್ನೊಂದು ಗುಂಪು ಬಿ·ಟಿ + ಸಿ ಆಗಿಯೇ ಇರಲಿ. ಬಲಬದಿ ಬರೀ ಟಿ ಆಗಿದ್ದರೂ ಆ ಸಿ ಬೇಕೇ ಬೇಕು. ಅದನ್ನು ಬಿಟ್ಟರೆ ಸ್ಥಿರಪದ ಹೊಂದುವುದಿಲ್ಲ.

ಡಿ ಆಪರೇಟರ್‌ನಲ್ಲಿ ಇದೇ ಕೆಲಸ ಎರಡು ಸಾಲು. ಡಿ ಎಂದರೆ ಡೆರಿವೇಟಿವ್ ತೆಗೆಯುವ ಕ್ರಿಯೆ; ಎಡಬದಿ ಎಫ್(ಡಿ) = ಡಿ² + 3ಡಿ + 2, ಪಿಐ ಎಂದರೆ 1/ಎಫ್(ಡಿ)ಯನ್ನು ಬಲಬದಿಯ ಮೇಲೆ ಹಚ್ಚಿದ್ದು. ಡಿ ಜಾಗದಲ್ಲಿ −1 ಹಾಕಿದರೆ ಸೊನ್ನೆ. ಆದ್ದರಿಂದ ಟಿಯಿಂದ ಗುಣಿಸಿ, ಛೇದದಲ್ಲಿ ಎಫ್′(ಡಿ) = 2ಡಿ + 3 ಬರೆದು ಮತ್ತೆ −1 ಹಾಕಿದರೆ 1. ಪಿಐ = ಟಿ·ಇ^(−ಟಿ). ಪರೀಕ್ಷೆಯಲ್ಲಿ ಇದಕ್ಕಿಂತ ಬೇಗ ಬೇರೆ ಯಾವುದೂ ಮುಗಿಯದು.

ಆದರೆ ಆ ಟಿ ಎಲ್ಲಿಂದ ಬಂತು ಎಂದು ಒಮ್ಮೆಯಾದರೂ ನೋಡಿಕೊಂಡಿರಬೇಕು. ಇ^(−ಟಿ)ಯನ್ನು ಆಪರೇಟರ್‌ನ ಎಡಕ್ಕೆ ತಂದರೆ ಡಿ ಇದ್ದಲ್ಲೆಲ್ಲ ಡಿ − 1 ಆಗುತ್ತದೆ. (ಡಿ − 1)² + 3(ಡಿ − 1) + 2 ಬಿಡಿಸಿದರೆ ಡಿ² + ಡಿ, ಅಂದರೆ ಡಿ(ಡಿ + 1). ಇದರ ವಿಲೋಮವನ್ನು ಈಗ 1ರ ಮೇಲೆ ಹಚ್ಚಬೇಕು. 1/(1 + ಡಿ) ಹಚ್ಚಿದರೆ 1 ಹಾಗೇ ಉಳಿಯುತ್ತದೆ, ಏಕೆಂದರೆ 1ರ ಡೆರಿವೇಟಿವ್ ಸೊನ್ನೆ. ಉಳಿದ 1/ಡಿ ಎಂದರೆ ಇಂಟಿಗ್ರೇಷನ್. 1ನ್ನು ಇಂಟಿಗ್ರೇಟ್ ಮಾಡಿದರೆ ಟಿ. ಮೂಲ ಎರಡು ಸಲ ಡಿಕ್ಕಿಯಾದರೆ 1/ಡಿ² ಬಂದು ಟಿ²/2 ಆಗುತ್ತದೆ. ಇದು ಒಮ್ಮೆ ಅರ್ಥವಾದವರಿಗೆ ‘ಕೇಸ್ ಆಫ್ ಫೇಲ್ಯೂರ್’ ಸೂತ್ರಗಳನ್ನು ಉರು ಹೊಡೆಯುವ ಕೆಲಸವಿಲ್ಲ. ಎಂಐಟಿಯ 18.03 ಕೋರ್ಸಿನಲ್ಲಿ ಎಕ್ಸ್‌ಪೊನೆನ್ಷಿಯಲ್ ರೆಸ್ಪಾನ್ಸ್ ಫಾರ್ಮುಲಾ ಎಂದು ಕಲಿಸುವುದೂ ಇದನ್ನೇ, ಹೆಸರು ಮಾತ್ರ ಬೇರೆ.

ಆಪರೇಟರ್ ಕೈಕೊಡುವ ಜಾಗ ಎರಡು. ಬಲಬದಿ ಸೈನ್ 2ಟಿ ಇದ್ದಾಗ ಡಿ² ಜಾಗಕ್ಕೆ −4 ಹಾಕಬೇಕು. ಡಿ ಜಾಗಕ್ಕೆ ಏನನ್ನೂ ಹಾಕುವಂತಿಲ್ಲ. ಛೇದ 3ಡಿ − 2 ಆಗುತ್ತದೆ. ಮೇಲೆ ಕೆಳಗೆ 3ಡಿ + 2ರಿಂದ ಗುಣಿಸಿದರೆ ಛೇದ 9ಡಿ² − 4, ಅಂದರೆ −40. ಮೇಲಿನ 3ಡಿ + 2 ಈಗ ಸೈನ್ 2ಟಿಯ ಮೇಲೆ ಕೆಲಸ ಮಾಡಿ 6 ಕಾಸ್ 2ಟಿ + 2 ಸೈನ್ 2ಟಿ ಕೊಡುತ್ತದೆ. ಉತ್ತರ −(3 ಕಾಸ್ 2ಟಿ + ಸೈನ್ 2ಟಿ)/20. ಡೆರಿವೇಟಿವ್ ತೆಗೆಯುವಾಗ ಒಳಗಿನ 2 ಮರೆತು 3 ಕಾಸ್ 2ಟಿ ಎಂದು ಬರೆಯುವವರೇ ಹೆಚ್ಚು. ಎರಡನೆಯ ಜಾಗ ಬಲಬದಿಯಲ್ಲಿ ಟಿ² ಇದ್ದಾಗ. 2ನ್ನು ಹೊರಗೆ ತೆಗೆದು (1 + (3ಡಿ + ಡಿ²)/2)ರ ವಿಲೋಮವನ್ನು ಸರಣಿಯಾಗಿ ಬಿಡಿಸುತ್ತೇವೆ. ಮೊದಲ ಘಾತಕ್ಕೇ ನಿಲ್ಲಿಸಿದರೆ 9ಡಿ²/4 ತಪ್ಪಿಹೋಗುತ್ತದೆ. ಡಿ² ಬರುವ ಪದಗಳನ್ನೆಲ್ಲ ಸೇರಿಸಿದರೆ ಸಿಗುವ ಸರಿ ಉತ್ತರ (ಟಿ² − 3ಟಿ + 7/2)/2.

ವೇರಿಯೇಷನ್ ಆಫ್ ಪ್ಯಾರಾಮೀಟರ್ಸ್ ಇದೇ ಮೊದಲ ಲೆಕ್ಕದಲ್ಲಿ ಒಂದು ಬೆರಗು ಹುಟ್ಟಿಸುತ್ತದೆ. ವೈ1 = ಇ^(−ಟಿ), ವೈ2 = ಇ^(−2ಟಿ), ರಾನ್‌ಸ್ಕಿಯನ್ (ವೈ1·ವೈ2′ − ವೈ1′·ವೈ2) −ಇ^(−3ಟಿ). ಯು1′ = −ವೈ2·ಜಿ/ಡಬ್ಲ್ಯು ಸೂತ್ರದಿಂದ (ಜಿ ಬಲಬದಿ, ಡಬ್ಲ್ಯು ರಾನ್‌ಸ್ಕಿಯನ್) ಯು1′ = 1, ಯು1 = ಟಿ. ಯು2′ = ವೈ1·ಜಿ/ಡಬ್ಲ್ಯು = −ಇ^ಟಿ, ಯು2ವೂ ಅದೇ. ಪಿಐ = ಯು1·ವೈ1 + ಯು2·ವೈ2 = ಟಿ·ಇ^(−ಟಿ) − ಇ^(−ಟಿ). ಮೇಲಿನ ಎರಡು ವಿಧಾನಗಳ ಉತ್ತರಕ್ಕಿಂತ ಒಂದು ಪದ ಹೆಚ್ಚು! ಉತ್ತರ ತಪ್ಪಿಲ್ಲ. ಆ ಹೆಚ್ಚಿನ −ಇ^(−ಟಿ) ಸಿಎಫ್‌ನ ಸಿ1 ಜೊತೆ ಸೇರಿಹೋಗುತ್ತದೆ. ಪಿಐ ಎಂಬುದು ಒಂದೇ ಒಂದು ಇರುವುದಿಲ್ಲ. ಎರಡು ಸರಿಯಾದ ಪಿಐಗಳ ವ್ಯತ್ಯಾಸ ಯಾವಾಗಲೂ ಹೋಮೋಜೀನಿಯಸ್ (ಬಲಬದಿ ಸೊನ್ನೆಯಾದ) ಸಮೀಕರಣದ ಪರಿಹಾರವೇ ಆಗಿರುತ್ತದೆ. ಪುಸ್ತಕದ ಹಿಂದಿನ ಉತ್ತರಕ್ಕೆ ಹೊಂದಲಿಲ್ಲ ಎಂದು ಹಾಳೆ ಹರಿಯುವ ಮೊದಲು ಈ ವ್ಯತ್ಯಾಸವನ್ನು ನೋಡಿ.

ಲ್ಯಾಪ್ಲಾಸ್‌ನಲ್ಲಿ ಸಿಎಫ್, ಪಿಐ ಎಂಬ ವಿಂಗಡಣೆಯೇ ಇಲ್ಲ. ಎರಡೂ ಬದಿಯ ಟ್ರಾನ್ಸ್‌ಫಾರ್ಮ್ ತೆಗೆದರೆ ವೈಯ ಟ್ರಾನ್ಸ್‌ಫಾರ್ಮ್ ವೈ(ಎಸ್) = 1/((ಎಸ್ + 1)²(ಎಸ್ + 2)). ಪಾರ್ಷಿಯಲ್ ಫ್ರ್ಯಾಕ್ಷನ್ ಮಾಡಿದರೆ (ಎಸ್ + 1)ಕ್ಕೆ −1, (ಎಸ್ + 1)²ಕ್ಕೆ 1, (ಎಸ್ + 2)ಕ್ಕೆ 1. ಉತ್ತರ ನೇರವಾಗಿ ವೈ = ಟಿ·ಇ^(−ಟಿ) − ಇ^(−ಟಿ) + ಇ^(−2ಟಿ). ಆರಂಭಿಕ ಷರತ್ತುಗಳನ್ನು ಬೇರೆಯಾಗಿ ಹಾಕುವ ಶ್ರಮವಿಲ್ಲ. ಆದರೆ ಸೊನ್ನೆಯ ಷರತ್ತುಗಳಲ್ಲೇ ಅಭ್ಯಾಸ ಮಾಡಿದವರು ವೈ(0) = 2 ಬಂದ ದಿನ ಎಡವುತ್ತಾರೆ. ವೈ″ನಿಂದ −2ಎಸ್ ಬರೆಯುವುದು ನೆನಪಿರುತ್ತದೆ, 3ವೈ′ನಿಂದ ಬರಬೇಕಾದ −6 ಬಿಟ್ಟುಹೋಗುತ್ತದೆ.

ಲ್ಯಾಪ್ಲಾಸ್‌ನ ನಿಜವಾದ ಬೆಲೆ ಗೊತ್ತಾಗುವುದು ಬಲಬದಿ ನಡುವೆ ಬದಲಾದಾಗ. ಟಿ = 2ರ ತನಕ ಸೊನ್ನೆ, ಆಮೇಲೆ 1 ಎಂದಿರಲಿ, ಸ್ವಿಚ್ ಒತ್ತಿದ ಹಾಗೆ. ಉಳಿದ ಮೂರು ದಾರಿಗಳಲ್ಲಿ ಲೆಕ್ಕವನ್ನು ಎರಡು ತುಂಡು ಮಾಡಿ, ಟಿ = 2ರಲ್ಲಿ ವೈ ಮತ್ತು ವೈ′ ಎರಡನ್ನೂ ಹೊಂದಿಸಬೇಕು. ಲ್ಯಾಪ್ಲಾಸ್‌ನಲ್ಲಿ 1/(ಎಸ್(ಎಸ್ + 1)(ಎಸ್ + 2)) ಒಡೆದು, ಸಿಕ್ಕ 1/2 − ಇ^(−ಟಿ) + ಇ^(−2ಟಿ)/2 ಎಂಬುದರಲ್ಲಿ ಟಿ ಇದ್ದಲ್ಲೆಲ್ಲ ಟಿ − 2 ಬರೆದು ಸ್ಟೆಪ್ ಫಂಕ್ಷನ್‌ನಿಂದ ಗುಣಿಸಿದರೆ ಆಯಿತು. ಸ್ವಿಚ್ ಒತ್ತಿದ ಮೇಲೆ ಬಲಬದಿ 1ರ ಬದಲು ಟಿ ಆಗಿದ್ದರೆ ಮೊದಲು (ಟಿ − 2) + 2 ಎಂದು ಬರೆದುಕೊಳ್ಳಿ; ಟ್ರಾನ್ಸ್‌ಫಾರ್ಮ್ ಇ^(−2ಎಸ್)(1/ಎಸ್² + 2/ಎಸ್). ಆ 2/ಎಸ್ ಬಿಟ್ಟರೆ ಮುಂದಿನ ಒಂದು ಪುಟ ವ್ಯರ್ಥ.

ಹೀಗಾಗಿ ಸ್ಥಿರ ಗುಣಾಂಕ ಇದ್ದು ಬಲಬದಿಯಲ್ಲಿ ಇ ಘಾತ, ಸೈನ್, ಕಾಸ್, ಪಾಲಿನೋಮಿಯಲ್ ಇದ್ದರೆ ಆಪರೇಟರ್ ಹಿಡಿಯಿರಿ, ಸಮಯ ಉಳಿದರೆ ಅನಿರ್ಧಾರಿತ ಗುಣಾಂಕದಿಂದ ತಾಳೆ ನೋಡಿ. ಸ್ವಿಚ್ ಅಥವಾ ಇಂಪಲ್ಸ್ ಇದ್ದರೆ ಲ್ಯಾಪ್ಲಾಸ್. ಇದೆಲ್ಲ ವೇಗದ ಮಾತು. ಲೆಕ್ಕ ಮಾಡಲು ಸಾಧ್ಯವೇ ಎಂಬ ಪ್ರಶ್ನೆ ಬಂದಾಗ ಲಗ್ರಾಂಜ್ ಹೆಸರಿನೊಂದಿಗೆ ಬೆಸೆದುಕೊಂಡಿರುವ ವೇರಿಯೇಷನ್ ಆಫ್ ಪ್ಯಾರಾಮೀಟರ್ಸ್ ಮುಂದೆ ಉಳಿದ ಮೂರೂ ಹಿಂದೆ ಸರಿಯುತ್ತವೆ. ನಿಧಾನದ್ದೆಂದು ಅದನ್ನು ಬಿಟ್ಟು ಓದುವುದು ದೊಡ್ಡ ತಪ್ಪು.

ವೈ″ + ವೈ = ಸೆಕ್ ಟಿ ತೆಗೆದುಕೊಳ್ಳಿ. ಸೆಕ್ ಟಿಯನ್ನು ಎಷ್ಟು ಸಲ ಡಿಫರೆನ್ಷಿಯೇಟ್ ಮಾಡಿದರೂ ಹೊಸ ಹೊಸ ಪದಗಳು ಹುಟ್ಟುತ್ತಲೇ ಇರುತ್ತವೆ, ಹಾಗಾಗಿ ಊಹೆ ಬರೆಯಲಾಗದು. ಟಿ = π/2ರಲ್ಲಿ ಅದು ಅನಂತಕ್ಕೆ ಹೋಗುವುದರಿಂದ ಲ್ಯಾಪ್ಲಾಸ್ ಇಂಟಿಗ್ರಲ್ ನಿಲ್ಲುವುದಿಲ್ಲ. ಆಪರೇಟರ್‌ಗೆ ಕಾಂಪ್ಲೆಕ್ಸ್ ಮೂಲಗಳಾಗಿ ಒಡೆದುಕೊಂಡು ಸುತ್ತಿ ಬರಬೇಕು. ವೇರಿಯೇಷನ್‌ನಲ್ಲಿ ರಾನ್‌ಸ್ಕಿಯನ್ 1, ಯು1′ = −ಟ್ಯಾನ್ ಟಿ, ಯು2′ = 1. ಪಿಐ = ಕಾಸ್ ಟಿ·ಲಾಗ್|ಕಾಸ್ ಟಿ| + ಟಿ ಸೈನ್ ಟಿ.

ಈ ವಿಧಾನದಲ್ಲಿ ಎಚ್ಚರ ಬೇಕಾದದ್ದು ಒಂದೇ ಕಡೆ: ವೈ″ನ ಗುಣಾಂಕ 1 ಆಗಿರಬೇಕು. ಟಿ²ವೈ″ − 2ಟಿ·ವೈ′ + 2ವೈ = ಟಿ³ ಎಂಬ ಕೋಶಿ–ಆಯ್ಲರ್ ಲೆಕ್ಕದಲ್ಲಿ ವೈ1 = ಟಿ, ವೈ2 = ಟಿ², ರಾನ್‌ಸ್ಕಿಯನ್ ಟಿ². ಟಿ²ರಿಂದ ಭಾಗಿಸಿಕೊಂಡರೆ ಜಿ = ಟಿ; ಯು1 = −ಟಿ²/2, ಯು2 = ಟಿ, ಪಿಐ = ಟಿ³/2. ಭಾಗಿಸದೆ ಜಿ = ಟಿ³ ಎಂದು ನುಗ್ಗಿದರೆ ಪಿಐ ಟಿ⁵/12 ಬರುತ್ತದೆ. ನೋಡಲು ಅಂದವಾಗಿಯೇ ಇರುತ್ತದೆ, ಆದರೆ ಎಡಬದಿಗೆ ಹಾಕಿ ನೋಡಿದರೆ (20 − 10 + 2)/12 ಸೇರಿ ಸರಿಯಾಗಿ ಟಿ⁵ ಸಿಗುತ್ತದೆ, ಬೇಕಾದದ್ದು ಟಿ³.